ನೀರಿಗೆ ಬಂದ ಜ್ವರ

ಸೊಂಟಕ್ಕೊಂದು ಟವೆಲ್, ಕೊರಳಲ್ಲಿ ಫೋಟೋ ಸಮೇತ ಗುರುತಿನ ಚೀಟಿ. ಇಷ್ಟೇ ಅಲಂಕಾರದಲ್ಲಿ ನನ್ನ ಹೆಂಡತಿಯ ಅಣ್ಣ ಒಂದು ಮಧ್ಯಾಹ್ನ ತನ್ನ ಲ್ಯಾಬಿನ ಕಾರಿಡಾರಿಗೆ ಬಂದು ನಿಂತ. ಎದುರಿಗಿನ ಬೆಂಚಿನ ಮೇಲೆ ಮಾಸ್ಕ್ ಹಾಕಿಕೊಂಡ ಹೆಂಗಸೊಬ್ಬಳು ಕೂತಿದ್ದಳು. ಆಕೆ ಕಿರುಚಲಿಲ್ಲ, ಮುಖ ತಿರುಗಿಸಲೂ ಇಲ್ಲ.

"ಸಾರ್, ನನ್ನ ಹಂದಿಗಳ ರಿಪೋರ್ಟ್ ಬಂತಾ?" ಎಂದಳು.

ಭಾವ ತನ್ನನ್ನು ತಾನು ನೋಡಿಕೊಂಡು, ಬಂದ ಬಾಗಿಲಲ್ಲೇ ವಾಪಸ್ಸು ನುಗ್ಗಿದ.

ಪ್ರಾಣಿಗಳಿಂದ ಮನುಷ್ಯರಿಗೆ ಹಾರುವ ವೈರಸ್‌ಗಳನ್ನು ಹುಡುಕುವ ಲ್ಯಾಬಿನಲ್ಲಿ ಭಾವನಿಗೆ ಇಪ್ಪತ್ತೆರಡು ವರ್ಷದ ಸರ್ವೀಸು. ಬಾವಲಿಯ ಜೊಲ್ಲು, ಹಂದಿಯ ಸಿಂಬಳ, ದನದ ರಕ್ತ ಇವನ ದಿನಚರಿ. ಪ್ರಪಂಚವೆಲ್ಲ ಪಾಸಿಟಿವ್ ಆಗಿರಿ ಎಂದು ಬಾಯಿ ಬಡಿದುಕೊಳ್ಳುವಾಗ ನೆಗೆಟಿವ್ ಬಂತೆಂದು ಹಲ್ಲು ಕಿಸಿಯುವ ಆಸಾಮಿ. ಹೆಸರಿಗೆ ಭಾವ, ಭಾವನೆ ಮಾತ್ರ ಕಡಿಮೆ. ಒಳಗೆ ಹೋದವರು ಹೊರಗೆ ಬರಬೇಕಾದರೆ ಸ್ನಾನ ಮಾಡಲೇಬೇಕು ಎಂಬುದು ಅಲ್ಲಿಯ ಕಾನೂನು. ಅವತ್ತು ಸ್ನಾನವೇನೋ ಮಾಡಿದ್ದ, ಬಟ್ಟೆ ಹಾಕಿಕೊಳ್ಳುವುದು ಮರೆತಿತ್ತು. ಕಾರಣ, ನೀರಿಗೆ ಜ್ವರ ಬಂದಿತ್ತು.

ಬಿಡಿಸಿ ಹೇಳುತ್ತೇನೆ. ಬೆಂಚಿನ ಹೆಂಗಸು ನಲವತ್ತೊಂದು ಹಂದಿ ಸಾಕಿದವಳು. ಎರಡು ವಾರದ ಹಿಂದೆ ಆಕೆಗೆ ವಿಪರೀತ ಜ್ವರ ಬಂದು ಹೋಗಿತ್ತು. ಹಂದಿಯಿಂದ ಬಂತೇ ಎಂಬ ಅನುಮಾನದಲ್ಲಿ ಆಗಿನ ಆಕೆಯ ರಕ್ತವನ್ನೂ ಹಂದಿಗಳ ಮೂಗಿನ ದ್ರವವನ್ನೂ ಲ್ಯಾಬಿಗೆ ಕಳಿಸಿದ್ದರು. ಪಾಸಿಟಿವ್ ಬಂದರೆ ನಲವತ್ತೊಂದನ್ನೂ ಕೊಂದು ಹೂಳಬೇಕು. ಪ್ರತಿ ಸಲವೂ ಸ್ಯಾಂಪಲ್‌ಗಳ ಕೊನೆಯಲ್ಲಿ ಒಂದು ನಳಿಗೆಯಲ್ಲಿ ಬರೀ ಶುದ್ಧ ನೀರು ಇಡುತ್ತಾರೆ. ಅದು ನೆಗೆಟಿವ್ ಬಂದರಷ್ಟೇ ಉಳಿದದ್ದಕ್ಕೆ ಬೆಲೆ. ಅವತ್ತು ಹಂದಿಗಳೂ ಪಾಸಿಟಿವ್, ಹೆಂಗಸೂ ಪಾಸಿಟಿವ್, ನೀರೂ ಪಾಸಿಟಿವ್. ನಾನು ಓದಿದ ಕಾನ್ವೆಂಟಿನಲ್ಲಿ ನೀರಿಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ ಎಂದು ಬಾಯಿಪಾಠ ಮಾಡಿಸಿದ್ದರು. ಕಾಯಿಲೆಯ ಮಾತು ಯಾರೂ ಎತ್ತಿರಲಿಲ್ಲ.

ಲ್ಯಾಬಿನ ಮುಖ್ಯಸ್ಥೆ ದೊಡ್ಡ ಡಾಕ್ಟರಮ್ಮ ಭಾವನನ್ನು ಕರೆಸಿದರು. "ಮೇಲಿನವರು ಗಂಟೆಗೊಂದು ಸಲ ಫೋನ್ ಮಾಡ್ತಿದ್ದಾರೆ ಕಣ್ರೀ. ಹಂದಿಗಳು ಪಾಸಿಟಿವ್ ಅಂತ ಬರೆದು ಕಳಿಸಿ. ಇವತ್ತಲ್ಲ ನಾಳೆ ಸಾಯೋವೇ ತಾನೆ?"

"ಕಳಿಸ್ತೀನಿ ಮೇಡಂ. ಹಾಗಾದ್ರೆ ನೀರಿನ ಟ್ಯಾಂಕನ್ನೂ ಹೂಳೋಕೆ ಬರೀಲಾ?"

ಡಾಕ್ಟರಮ್ಮ ಮೂಗಿನ ತುದಿಯ ಕನ್ನಡಕದ ಮೇಲಿಂದ ನೋಡಿ, "ಎರಡು ದಿನ. ಆಮೇಲೆ ನಾನೇ ಸಹಿ ಹಾಕ್ತೀನಿ" ಎಂದರು.

ಭಾವ ಮತ್ತೆ ಪರೀಕ್ಷೆ ಮಾಡಿದ. ಮತ್ತೆ ನೀರು ಪಾಸಿಟಿವ್. ಬಾಟಲಿ ಬದಲಿಸಿದ. ಆಗಲೂ ಅದೇ. ಟೇಬಲ್ಲು, ಹಿಡಿಕೆ, ಕುರ್ಚಿಯ ಕಾಲು ಎಲ್ಲ ಉಜ್ಜಿದ. ನಮ್ಮ ಮನೆಗೆ ಬಂದರೆ ಲೋಟದ ನೀರನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. "ಕುಡಿಯೋಕೆ ಕೊಟ್ಟಿದ್ದು, ಕಣಿ ಕೇಳೋಕಲ್ಲ" ಎಂದು ನನ್ನ ಹೆಂಡತಿ ಗದರಿದಳು. ವೈರಸ್ ನೀರಿನಲ್ಲಿದೆಯೋ, ಮೆಷಿನ್ನಿನಲ್ಲಿದೆಯೋ, ಭಾವನ ತಲೆಯಲ್ಲಿದೆಯೋ ನಮಗ್ಯಾರಿಗೂ ತಿಳಿಯಲಿಲ್ಲ. ಅವನಿಗಂತೂ ಮೊದಲೇ ಇಲ್ಲ.

ಒಳಗೆ ಮೂರು ಕೋಣೆ. ಮೊದಲನೆಯದರಲ್ಲಿ ಔಷಧ ಬೆರೆಸುವುದು, ಎರಡನೆಯದರಲ್ಲಿ ಸ್ಯಾಂಪಲ್ ತೆರೆಯುವುದು, ಮೂರನೆಯದರಲ್ಲಿ ಮೆಷಿನ್. ಮನುಷ್ಯನಾಗಲಿ ಸಾಮಾನಾಗಲಿ ಮುಂದಕ್ಕೆ ಹೋಗಬಹುದು, ಹಿಂದಕ್ಕೆ ಬರಕೂಡದು. ಅದಕ್ಕೇ ಪೆನ್ನುಗಳಿಗೂ ಬಣ್ಣ ಬೇರೆ: ನೀಲಿ, ಹಸಿರು, ಕೆಂಪು. ಎರಡನೇ ದಿನ ಮೊದಲ ಕೋಣೆಯ ನಳಿಗೆಗಳ ಮೇಲೆ ನಂಬರ್ ಬರೆಯುತ್ತಿದ್ದಾಗ ಭಾವ ನೋಡುತ್ತಾನೆ, ಅಂಕಿಗಳು ಕೆಂಪಗಿವೆ! ಮೆಷಿನ್ ಕೋಣೆಯ ಪೆನ್ನು ಇಲ್ಲಿ. ತಂದವರು ಯಾರೆಂದು ರೇಗಲು ಬಾಯಿ ತೆರೆದವನಿಗೆ ನೆನಪಾಯಿತು. ಹೋದ ವಾರ ನೀಲಿ ಪೆನ್ನು ಒಣಗಿದಾಗ 'ಒಂದೇ ಒಂದು ನಿಮಿಷ' ಅಂತ ತಂದವನು ತಾನೇ. ಮೆಷಿನ್ ಕೋಣೆಯಲ್ಲಿದ್ದ ಹಳೆಯ ಪರೀಕ್ಷೆಯ ವೈರಸ್ ಕಣ ಪೆನ್ನಿಗೆ, ಪೆನ್ನಿಂದ ಕೈಗವಸಿಗೆ, ಅಲ್ಲಿಂದ ಎಲ್ಲ ನಳಿಗೆಗೆ.

ತಪ್ಪಿನ ರಿಜಿಸ್ಟರಿನಲ್ಲಿ ಇಪ್ಪತ್ತೆರಡು ವರ್ಷ ಬೇರೆಯವರ ಹೆಸರನ್ನೇ ಬರೆದ ಕೈ ಅವತ್ತು ತನ್ನದನ್ನು ಬರೆಯಿತು. ಪೆನ್ನು ಕಸಕ್ಕೆ ಹೋಯಿತು. ಕೋಣೆ ತೊಳೆದು, ಹೊಸ ಔಷಧ ಬೆರೆಸಿ, ಉಳಿಸಿಟ್ಟ ಸ್ಯಾಂಪಲ್‌ಗಳನ್ನು ಮೊದಲಿಂದ ಪರೀಕ್ಷಿಸಿದರೆ ನೀರು ನೆಗೆಟಿವ್, ನಲವತ್ತೊಂದೂ ನೆಗೆಟಿವ್, ಹೆಂಗಸೂ ನೆಗೆಟಿವ್.

ಅವನನ್ನು ಕರೆದುಕೊಂಡು ಬರಲು ಸ್ಕೂಟರಿನಲ್ಲಿ ಹೋದ ನಾನು ಕಾರಿಡಾರಿನಲ್ಲೇ ಇದ್ದೆ. ಭಾವ, ಪೂರ್ತಿ ಬಟ್ಟೆಯಲ್ಲಿ, ಕಾಗದ ಕೊಟ್ಟ. ಹೆಂಗಸು ಅದನ್ನು ಎದೆಗೊತ್ತಿಕೊಂಡಳು. ಆಮೇಲೆ ಮುಖದಲ್ಲಿ ಗೊಂದಲ ಮೂಡಿತು.

"ಅಲ್ಲ ಸಾರ್, ನಾಲ್ಕು ದಿನ ನಾನು ಸತ್ತು ಬದುಕಿದೀನಿ. ಹಂದಿಯಿಂದ ಅಲ್ಲ ಅಂದ್ಮೇಲೆ, ನನಗೆ ಬಂದಿದ್ದು ಯಾವ ಜ್ವರ?"

ಭಾವ ತಲೆ ಕೆರೆದುಕೊಂಡ.

"ನಮ್ಮ ಹತ್ರ ಹನ್ನೊಂದು ಜ್ವರಕ್ಕೆ ಪರೀಕ್ಷೆ ಇದೆಯಮ್ಮ. ನಿಮ್ಮದು ಹನ್ನೆರಡನೇದಿರಬೇಕು."