ಪೆಟ್ಟಿಗೆಯಲ್ಲಿ ಬಂದ ಸ್ಪೋರ್ಟ್ಸ್ ಕಾರು

ಬುದ್ಧಿ ನೆಟ್ಟಗಿರುವವರು ಶೋರೂಮಿಗೆ ಹೋಗಿ ಕಾರು ಕೊಳ್ಳುತ್ತಾರೆ. ನಾನು ಕೊಂಡದ್ದು ಒಂದಿಷ್ಟು ಮರದ ಪೆಟ್ಟಿಗೆ, ಒಂದು ಕಬ್ಬಿಣದ ಚೌಕಟ್ಟು, ದೋಣಿಯಂಥ ಒಂದು ಕೆಂಪು ಫೈಬರ್ ಬಾಡಿ.

ಮಾರಿದವನು ನಮ್ಮ ಆಫೀಸಿನ ಇಂಗ್ಲಿಷ್ ಎಂಜಿನಿಯರ್. ಕಾಂಟ್ರಾಕ್ಟ್ ಮುಗಿದು ಊರಿಗೆ ಹೊರಟಿದ್ದ. ಇದು ಹಳೆಯ ಕಾಲದ ರೇಸ್ ಕಾರೊಂದರ ತದ್ರೂಪು, ನಾವೇ ಜೋಡಿಸಿಕೊಂಡರೆ ಆಯಿತು ಎಂದ. ಅವನೇ ಯಾಕೆ ಜೋಡಿಸಲಿಲ್ಲ? ಹೆಂಡತಿ ಬಿಡಲಿಲ್ಲವಂತೆ. (ಆ ಮಹಾತಾಯಿಯನ್ನು ನಾನು ಮೊದಲೇ ಭೇಟಿಯಾಗಬೇಕಿತ್ತು.) ತಯಾರಿಸಿದ ಕಂಪನಿ? ಅದು ಬಾಗಿಲು ಹಾಕಿ ಕಾಲವಾಯಿತು ಎಂದ, ಏನೂ ಆಗದವನ ಹಾಗೆ.

ಬಾಗಿಲು ಹಾಕಿದ ಕಂಪನಿಯ ಕಾರನ್ನು ಯಾರಾದರೂ ಕೊಳ್ಳುತ್ತಾರೆಯೇ? ಕೊಳ್ಳುತ್ತಾರೆ. ಹಾಸ್ಟೆಲ್ ಗೋಡೆಗೆ ಕೆಂಪು ಕಾರಿನ ಕ್ಯಾಲೆಂಡರ್ ಅಂಟಿಸಿಕೊಂಡಿದ್ದು, ಆಮೇಲೆ ಗಲ್ಫಿಗೆ ಬಂದು ಅಕೌಂಟ್ಸ್ ಸೆಕ್ಷನ್ನಿನಲ್ಲಿ ತಲೆ ಬೋಳು ಮಾಡಿಕೊಂಡವರು ಕೊಳ್ಳುತ್ತಾರೆ.

ಪೆಟ್ಟಿಗೆಯಲ್ಲಿ ಎಂಜಿನ್ ಮಾತ್ರ ಇರಲಿಲ್ಲ. ಅದನ್ನು ಬೇರೆ ಕಾರಿನಿಂದ ತೆಗೆದು ಹಾಕಬೇಕು. ನಮ್ಮ ಬಳಿ ಬೇರೆ ಕಾರು ಇತ್ತು. ಸರಿಯಾಗಿ ಹೇಳುವುದಾದರೆ, ವಿಜಯಳ ಬಳಿ ಇತ್ತು.

ವಿಜಯ ನನ್ನ ಹೆಂಡತಿ. ಟೆಸ್ಟಿನಲ್ಲಿ ಮತ್ತೆ ಮತ್ತೆ ಫೇಲಾಗಿ, ಪಟ್ಟು ಬಿಡದೆ ಒಮಾನಿನ ಲೈಸೆನ್ಸ್ ಪಡೆದವಳು. ಏಪ್ರಿಲ್‌ನಿಂದ ಅವಳಿಗೆ ಮಸ್ಕತ್ತಿನ ಒಂದು ಇಂಡಿಯನ್ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಮದುವೆಯಾಗಿ ಬಂದಂದಿನಿಂದ ಫ್ಲ್ಯಾಟಿನ ಗೋಡೆ ನೋಡುತ್ತಿದ್ದವಳಿಗೆ ಅದು ಮೊದಲ ಕೆಲಸ. ನಾವಿರುವ ಅಲ್ ಖೌದ್‌ಗೆ ಶಾಲೆಯ ಬಸ್ ಬರುವುದಿಲ್ಲ. ಸ್ವಂತ ಗಾಡಿ ಇದ್ದರೆ ಮಾತ್ರ ಬನ್ನಿ ಎಂದು ಪ್ರಿನ್ಸಿಪಾಲರು ಮೊದಲೇ ಹೇಳಿದ್ದರು. ನನ್ನನ್ನು ಕಂಪನಿಯ ವ್ಯಾನ್ ಕರೆದೊಯ್ಯುತ್ತದೆ. ಹಾಗಾಗಿ ನಮ್ಮ ಹಳೆಯ ಜಪಾನೀ ಕಾರು ಅವಳಿಗೇ ಎಂದು ತೀರ್ಮಾನವಾಗಿತ್ತು.

“ಶಾಲೆ ಶುರುವಾಗುವಾಗ ನೀನು ಸ್ಪೋರ್ಟ್ಸ್ ಕಾರಿನಲ್ಲೇ ಹೋಗು,” ಎಂದೆ.

“ನನಗೆ ಸ್ಪೋರ್ಟ್ಸ್ ಎಲ್ಲ ಬೇಡ. ಬೆಲ್ ಹೊಡೆಯುವ ಮೊದಲು ಮುಟ್ಟಿದರೆ ಸಾಕು,” ಎಂದಳು. ಆದರೂ ಕೀ ಕೊಟ್ಟಳು. ಪಾಪ, ನಂಬಿದಳು.

ಮಸ್ಕತ್ತಿನ ಘಾಲಾದಲ್ಲಿ ಗ್ಯಾರೇಜ್ ನಡೆಸುವ ಹಮೀದಾಕ ನಮ್ಮ ಊರಿನ ಕಡೆಯ ಬ್ಯಾರಿಗಳು. ಬೋರ್ಡಿನ ಮೇಲೆ ವೀಸಾ ಕೊಟ್ಟ ಒಮಾನಿ ಕಫೀಲ್‌ನ ಹೆಸರು, ಕಾರಿನ ಅಡಿಯಲ್ಲಿ ಹಮೀದಾಕ. ಪೆಟ್ಟಿಗೆ ಬಿಚ್ಚಿ, “ಎಂತ ಶೆಟ್ರೇ ಇದು, ಕಾರಾ, ಮೀನು ಹಿಡಿಯುವ ದೋಣಿಯಾ?” ಎಂದು ನಕ್ಕರು. ಸ್ವಲ್ಪ ಹೊತ್ತು ಸುತ್ತು ಹಾಕಿದ ಮೇಲೆ ನನ್ನ ಕಾಯಿಲೆ ಅವರಿಗೂ ಅಂಟಿತು. “ಮಾಡುವ ಮಾರಾಯ್ರೆ. ಬೇರೆಯವರು ಕಟ್ಟಿದ್ದನ್ನು ಬಿಚ್ಚಿ ಬಿಚ್ಚಿ ಸಾಕಾಗಿದೆ. ನಾವೇ ಒಂದು ಕಟ್ಟುವ.”

ಪ್ರತಿ ಶುಕ್ರವಾರ ಗ್ಯಾರೇಜಿಗೆ ರಜೆ. ಅವರು ಜುಮಾ ನಮಾಜು ಮುಗಿಸಿ, ನಾನು ಊಟ ಮುಗಿಸಿ ಅಲ್ಲಿ ಸೇರುತ್ತಿದ್ದೆವು. ಬೋಲ್ಟ್ ಇದ್ದಲ್ಲಿ ನಟ್ ಇಲ್ಲ, ನಟ್ ಇದ್ದಲ್ಲಿ ಬೋಲ್ಟ್ ಇಲ್ಲ. ಕಂಪನಿಗೆ ಪತ್ರ ಬರೆದೆ. ಅದು ಹೋದ ಹಾಗೆಯೇ ವಾಪಸು ಬಂತು. ಬಾಗಿಲು ಹಾಕಿದ ಕಂಪನಿಗೆ ಯಾರಾದರೂ ಪತ್ರ ಬರೆಯುತ್ತಾರೆಯೇ ಎಂದು ನೀವು ಕೇಳಬಹುದು. ವಿಜಯಳೂ ಕೇಳಿದಳು.

ಒಂದು ಶುಕ್ರವಾರ ಸ್ಟಿಯರಿಂಗಿನ ಸರದಿ ಬಂತು. ಚೌಕಟ್ಟಿನಲ್ಲಿ ಎರಡೂ ಬದಿಗೆ ತೂತುಗಳಿದ್ದವು. ಡ್ಯಾಶ್‌ಬೋರ್ಡ್ ಬರೀ ಹಲಗೆ, ನಾವೇ ಕೊರೆದುಕೊಳ್ಳಬೇಕು. ಹಮೀದಾಕ ಚೌಕಟ್ಟಿನ ಮೇಲೆ ಎರಡು ಪ್ಲಾಸ್ಟಿಕ್ ಕುರ್ಚಿ ಇಟ್ಟರು. “ಕೂತು ನೋಡುವ. ಕೈ ಎಲ್ಲಿಗೆ ಬರ್ತದೆ, ಕಾಲು ಎಲ್ಲಿಗೆ ಬರ್ತದೆ ಅಂತ.”

ಅವರು ಒಂದರಲ್ಲಿ ಕೂತರು. ನಾನು ಪಕ್ಕದ್ದರಲ್ಲಿ. ಹಮೀದಾಕ ಗಾಳಿಯಲ್ಲಿ ಕೈ ತಿರುಗಿಸಿದರು.

“ಮಂಗಳೂರು ಬಿಟ್ಟಿತು ಶೆಟ್ರೇ.”

“ಮುಲ್ಕಿ ಸೇತುವೆಯಲ್ಲಿ ನಿಧಾನ,” ಎಂದೆ.

ಪಡುಬಿದ್ರಿಯಲ್ಲಿ ನಿಲ್ಲಿಸಿ ಚಹಾ ಕುಡಿದೆವು. (ಫ್ಲಾಸ್ಕಿನದು.) ಕಾಪು ದಾಟುವಾಗ ಅವರಿಗೆ ಸಮುದ್ರದ ಗಾಳಿ ಬಡಿಯಿತಂತೆ. ನನಗೆ ಮೀನಿನ ವಾಸನೆಯೂ ಬಂತು. ಉಡುಪಿ ಮುಟ್ಟಿದ ಮೇಲೆ ಹಮೀದಾಕ ಕೂತಲ್ಲಿಂದಲೇ ಬಗ್ಗಿ, ತಮ್ಮ ಎದುರಿಗೆ ಚಾಕ್‌ಪೀಸಿನಲ್ಲಿ ಗುರುತು ಹಾಕಿದರು. ಅಲ್ಲೇ ಕೊರೆದೆವು. ಸ್ಟಿಯರಿಂಗಿನ ರಾಡನ್ನು ಅಳತೆಗೆ ಕತ್ತರಿಸಿ ವೆಲ್ಡ್ ಮಾಡಿದೆವು. ಸ್ಟಿಯರಿಂಗ್ ಎಷ್ಟು ಚಂದ ಕೂತಿತೆಂದರೆ ಇಬ್ಬರೂ ಕೈ ಕುಲುಕಿಕೊಂಡೆವು.

ಶಾಲೆ ಶುರುವಾಗುವ ಹಿಂದಿನ ದಿನ ಕಾರು ತಯಾರಾಯಿತು. ಚಕ್ರದಡಿ ಲಿಂಬೆಹಣ್ಣು ಇಟ್ಟೆ, ಬಾನೆಟ್ಟಿಗೆ ಕುಂಕುಮ ಹಚ್ಚಿದೆ, ತೆಂಗಿನಕಾಯಿ ಒಡೆದೆ. ಹಮೀದಾಕ ಬಿಸ್ಮಿಲ್ಲಾ ಎಂದು ಕೀ ತಿರುಗಿಸಿದರು. ಎಂಜಿನ್ ಗುಡುಗಿತು. ನನಗೆ ಕಣ್ಣು ತುಂಬಿ ಬಂತು.

ವಿಜಯ ಎಡಗಡೆಯ ಬಾಗಿಲು ತೆಗೆದು, ಸೆರಗು ಸರಿಮಾಡಿಕೊಂಡು ಕೂತಳು. ಕೈ ಮುಂದೆ ಚಾಚಿದಳು. ಹಿಡಿಯಲು ಏನೂ ಸಿಗಲಿಲ್ಲ.

“ಇವರೇ, ಸ್ಟಿಯರಿಂಗ್ ಆ ಬದಿಗೆ ಯಾಕುಂಟು?”

ಒಮಾನಿನಲ್ಲಿ ಗಾಡಿಗಳು ರಸ್ತೆಯ ಬಲಗಡೆ ಓಡುತ್ತವೆ, ಸ್ಟಿಯರಿಂಗ್ ಎಡಗಡೆ ಇರುತ್ತದೆ. ನನಗೆ ಇದು ಗೊತ್ತಿರಲಿಲ್ಲವೇ? ಹತ್ತು ವರ್ಷ ಇಲ್ಲಿ ಎಡಗಡೆ ಕೂತೇ ಓಡಿಸಿದ್ದೇನೆ. ಹಮೀದಾಕ ದಿನ ಬೆಳಗಾದರೆ ಬಿಚ್ಚುವುದೂ ಎಡಗಡೆಯ ಸ್ಟಿಯರಿಂಗನ್ನೇ. ಆದರೆ ಅವೆಲ್ಲ ಯಾರೋ ಕಟ್ಟಿಕೊಟ್ಟವು. ನಮ್ಮದೇ ಒಂದನ್ನು ಕಟ್ಟಲು ಕೂತಾಗ ಇಬ್ಬರಲ್ಲಿ ಒಬ್ಬನಿಗಾದರೂ ಸಂಶಯ ಬರಬೇಡವೇ? ಹಮೀದಾಕ ಬಲಗಡೆ ಕೂತರು, ನಾನು ಎಡಗಡೆ ಕೂತೆ, ಮಂಗಳೂರು ಬಿಟ್ಟಿತು.

“ಖಲಾಸ್,” ಎಂದರು ಹಮೀದಾಕ. “ಇದಕ್ಕೆ ಪೊಲೀಸರು ಪಾಸಿಂಗ್ ಕೊಡುದಿಲ್ಲ.”

ಕತ್ತರಿಸಿದ ರಾಡು ಆಚೆ ಬದಿಗೆ ಆಗುವುದಿಲ್ಲ, ಹೊಸ ಸಾಮಾನು ಬೇಕು. ಸಾಮಾನು ಮಾಡುವ ಕಂಪನಿ ಇಲ್ಲ. ಹಳೆಯ ಕಾರು? ಎಂಜಿನ್ ತೆಗೆದ ಮೇಲೆ ಗುಜರಿಗೆ ಹೋಗಿತ್ತು.

ವಿಜಯ ಕೂಗಾಡಿದ್ದರೆ ನನಗೆ ಸುಲಭವಿತ್ತು. ಅವಳು ಕಾರಿನಿಂದ ಇಳಿದು, ಕಾಯಿಯ ಹೋಳುಗಳನ್ನು ಹೆಕ್ಕಿ ಚೀಲಕ್ಕೆ ಹಾಕಿಕೊಂಡು, “ನಾಳೆ ನಾನು ಶಾಲೆಗೆ ಎಂತದರಲ್ಲಿ ಹೋಗುದು?” ಎಂದು ಮೆಲ್ಲಗೆ ಕೇಳಿದಳು. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. (ಘಾಲಾದಲ್ಲಿ ನೆಲಕ್ಕೆಲ್ಲ ಕಾಂಕ್ರೀಟು.)

ಹಮೀದಾಕ ಒಳಗೆ ಹೋಗಿ ಗ್ಯಾರೇಜಿನ ಪಿಕಪ್ಪಿನ ಕೀ ತಂದರು. “ಟೀಚರೇ, ಇನ್ನೊಂದು ಗಾಡಿ ಆಗುವವರೆಗೆ ಇದರಲ್ಲಿ ಹೋಗಿ. ಸ್ವಲ್ಪ ಗ್ರೀಸಿನ ವಾಸನೆ ಉಂಟು, ಬೇಜಾರು ಮಾಡ್ಬೇಡಿ.” ಅವಳನ್ನು ಟೀಚರೇ ಎಂದು ಮೊದಲು ಕರೆದವರು ಅವರು. ವಿಜಯ ಕೀ ತೆಗೆದುಕೊಂಡಳು, ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಈಗ ಅವಳು ದಿನಾ ಇಸ್ತ್ರಿ ಸೀರೆಯುಟ್ಟು, ಹಿಂದೆ ಹಳೆಯ ಟೈರುಗಳಿರುವ ಪಿಕಪ್ಪಿನಲ್ಲಿ ಶಾಲೆಗೆ ಹೋಗುತ್ತಾಳೆ. “ಮಿಸ್, ಯುವರ್ ಪಿಕಪ್ ಈಸ್ ಸೂಪರ್,” ಎನ್ನುತ್ತವಂತೆ ಮಕ್ಕಳು. ಕೆಂಪು ಕಾರು ಘಾಲಾದ ಮೂಲೆಯಲ್ಲಿ ಟಾರ್ಪಾಲು ಹೊದ್ದು ಮಲಗಿದೆ.

ಮೊನ್ನೆ ಕಂಪನಿಯ ವ್ಯಾನ್ ಕೆಟ್ಟಿತು. ಅವಳ ಜೊತೆಯಲ್ಲೇ ಹೊರಟೆ. ಅವಳು ಎಡಗಡೆ, ನಾನು ಬಲಗಡೆ. ರೌಂಡ್‌ಅಬೌಟಿನಲ್ಲಿ ನೀರಿನ ಟ್ಯಾಂಕರೊಂದು ಅಡ್ಡ ನುಗ್ಗಿತು. ನನ್ನ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿ ಹಿಡಿಯಿತು. ವಿಜಯ ಗಾಡಿ ನಿಧಾನ ಮಾಡಿ ಟ್ಯಾಂಕರಿಗೆ ದಾರಿ ಬಿಟ್ಟಳು, ಗೇರ್ ಬದಲಿಸಿದಳು, ಮುಂದೆ ಹೋದಳು. ನನ್ನ ಕಾಲು ಇನ್ನೂ ಅಲ್ಲೇ ಇತ್ತು.

“ಕಾಲು ತೆಗೀರಿ,” ಎಂದಳು, ರಸ್ತೆ ನೋಡುತ್ತಲೇ. “ಆ ಬದಿಗೆ ಬ್ರೇಕೂ ಇಲ್ಲ, ಊರೂ ಇಲ್ಲ.”