ಎಡಗಡೆಯ ಆರನೇ ಎಲುಬು

ನನ್ನ ಅಕ್ಕನ ಎದೆಯ ಎಕ್ಸ್‌ರೇ ಹನ್ನೊಂದು ಸಲ ತೆಗೆದಿದ್ದಾರೆ. ಅದರಲ್ಲಿ ಅವಳ ಹೆಸರಿನಲ್ಲಿರುವುದು ಆರೇ. ಉಳಿದ ಐದನ್ನು ಅವಳು ಇನ್ನೊಬ್ಬಳಿಗೆ ಕೊಟ್ಟಳು. ಹೊದ್ದ ಶಾಲನ್ನೇ ತೆಗೆದು ಕೊಟ್ಟವರನ್ನು ಕಂಡಿದ್ದೇನೆ, ಉಣ್ಣುತ್ತಿದ್ದ ತಟ್ಟೆಯನ್ನೇ ಸರಿಸಿ ಕೊಟ್ಟವರನ್ನೂ ಕಂಡಿದ್ದೇನೆ. ಎದೆಗೂಡನ್ನೇ ಎರವಲು ಕೊಟ್ಟ ಪುಣ್ಯಾತ್ಗಿತ್ತಿ ಇದ್ದರೆ ಅವಳು ನನ್ನ ಅಕ್ಕ ಒಬ್ಬಳೇ.

ಅಕ್ಕ ಶಿಶುವಿಹಾರದಲ್ಲಿ ಆಯಾ. ತಂದೆತಾಯಿ ಕೆಲಸಕ್ಕೆ ಹೋದ ಮೇಲೆ ಮೂವತ್ತು ಮಕ್ಕಳ ಮೂಗು ಒರೆಸಿ, ಚಡ್ಡಿ ಬದಲಿಸಿ, ಮಧ್ಯಾಹ್ನ ಚಾಪೆಯ ಮೇಲೆ ಸಾಲಾಗಿ ಮಲಗಿಸುವ ಕೆಲಸ. ಮಲಗಿಸುವುದರಲ್ಲಿ ಅವಳದು ಎತ್ತಿದ ಕೈ. ಎಡಗೈಯಲ್ಲಿ ಒಂದರ ಬೆನ್ನು, ಬಲಗೈಯಲ್ಲಿ ಇನ್ನೊಂದರ ಬೆನ್ನು ತಟ್ಟುತ್ತ, ಮೂರನೆಯದನ್ನು ಕಣ್ಣಲ್ಲೇ ಗದರಿಸುತ್ತಿದ್ದಳು. ಬೀದಿಗೆಲ್ಲ ಅವಳು ಆಯಮ್ಮ. ನಾನು ಪಕ್ಕದ ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿರುವವಳು. ಬಾಯಿ ಸ್ವಲ್ಪ ಜೋರು ಅನ್ನುತ್ತಾರೆ. ಸ್ವಲ್ಪವೇನು, ಜೋರೇ.

ಅವಳು ಎಂಥವಳು ಎನ್ನುವುದಕ್ಕೆ ಒಂದೇ ವಿಷಯ ಹೇಳುತ್ತೇನೆ. ಅವಳಿಗೆ ಹತ್ತೊಂಬತ್ತು, ನನಗೆ ಹನ್ನೊಂದು ಇದ್ದಾಗ ಒಂದು ಹಸಿರು ರಿಬ್ಬನ್ನಿಗೆ ಜಗಳವಾಗಿ, ಏಣಿಯ ಮೇಲಿದ್ದವಳನ್ನು ನಾನು ತಳ್ಳಿಬಿಟ್ಟೆ. ಎಡಗಡೆಯ ಪಕ್ಕೆಲುಬು ಮುರಿಯಿತು. ಅದು ಸೊಟ್ಟಗೆ ಕೂಡಿಕೊಂಡು ಗಂಟು ಬಿತ್ತು. ಈಗಲೂ ಕೈಯಿಟ್ಟರೆ ಸಿಗುತ್ತದೆ. ಅಪ್ಪ ಕೇಳಿದಾಗ ಅಕ್ಕ ಹೇಳಿದ್ದು, "ಕಾಲು ಜಾರ್ತು." ಅಪ್ಪ ಸಾಯುವವರೆಗೂ ಅವಳು ಆ ಮಾತು ಬದಲಿಸಲಿಲ್ಲ. ಯಾರದೋ ತಪ್ಪನ್ನು ಸೆರಗಿನಲ್ಲಿ ಕಟ್ಟಿಕೊಳ್ಳುವುದು ಅವಳಿಗೆ ಆಗಿನಿಂದಲೇ ಅಭ್ಯಾಸ. ಆ ಅಭ್ಯಾಸಕ್ಕೆ ಮೊದಲ ಗಿರಾಕಿ ನಾನೇ.

ಐದು ವರ್ಷದ ಹಿಂದೆ ಶಿಶುವಿಹಾರದ ಅಡುಗೆಗೆ ಹೊಸಬಳೊಬ್ಬಳು ಬಂದಳು. ತೆಳ್ಳಗೆ, ನಗುಮುಖ, ಮಾತೆಂದರೆ ಬೆಣ್ಣೆ. ಹದಿನೈದು ದಿನದೊಳಗೆ ಅಕ್ಕ ಅವಳನ್ನು "ತಂಗಿ" ಎನ್ನತೊಡಗಿದಳು. ಒಡಹುಟ್ಟಿದ ನನ್ನನ್ನು ಕರೆಯುವುದು "ಏ ಮೆಣಸಿನಕಾಯಿ" ಎಂದು. ನನಗೆ ಹೊಟ್ಟೆಕಿಚ್ಚು ಎಂದು ನೀವು ಅಂದುಕೊಂಡರೆ ತಪ್ಪೇನಿಲ್ಲ. ಇತ್ತು.

ಚಿಕ್ಕ ಮಕ್ಕಳ ಜೊತೆ ಕೆಲಸ ಮಾಡುವವರೆಲ್ಲ ವರ್ಷಕ್ಕೊಮ್ಮೆ ಕ್ಷಯದ ತಪಾಸಣೆ ಮಾಡಿಸಿಕೊಳ್ಳಬೇಕು ಎಂದು ಅದೇ ವರ್ಷ ನಿಯಮ ಬಂತು. ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ಎಕ್ಸ್‌ರೇ ಗಾಡಿ ಬಂದು ನಿಲ್ಲುತ್ತದೆ. ಶಿಶುವಿಹಾರದಿಂದ ಒಬ್ಬೊಬ್ಬರಿಗೆ ಒಂದು ಚೀಟಿ. ಗಾಡಿಯಲ್ಲಿರುವವನು ಚೀಟಿಯ ನಂಬರು ನೋಡುತ್ತಾನೆಯೇ ಹೊರತು ಮುಖ ನೋಡುವುದಿಲ್ಲ. ಗಲ್ಲ ಮೇಲೆ, ಭುಜ ಮುಂದೆ, ಉಸಿರು ಎಳಿ, ಹಿಡಿ, ಬಿಡು. ಮುಂದಿನವರು ಬನ್ನಿ. ಮುನ್ನೂರು ಜನ ಸಾಲಿನಲ್ಲಿ ನಿಂತಿರುವಾಗ ಮುಖ ನೋಡಲು ಅವನಿಗಾದರೂ ಪುರುಸೊತ್ತು ಎಲ್ಲಿ?

ಮೊದಲ ವರ್ಷ ಚೀಟಿ ಕೈಗೆ ಬಂದ ದಿನ ಅಡುಗೆಯವಳು ಪಾತ್ರೆ ತೊಳೆಯುವ ಕಟ್ಟೆಯ ಮೇಲೆ ಕೂತು ಅತ್ತಳಂತೆ. ಹಿಂದೊಮ್ಮೆ ಬಸುರಿಯಾಗಿದ್ದಾಗ ಗೊತ್ತಿಲ್ಲದೆ ಎಕ್ಸ್‌ರೇ ತೆಗೆಸಿಕೊಂಡಳಂತೆ. ವಾರದೊಳಗೆ ಬಸಿರು ಇಳಿದುಹೋಯಿತಂತೆ. ಆ ಯಂತ್ರ ಕಂಡರೆ ಸಾಕು, ಕೈಕಾಲು ತಣ್ಣಗಾಗುತ್ತದಂತೆ. "ನಾನು ಸತ್ರೂ ಅದರ ಮುಂದೆ ನಿಲ್ಲಲ್ಲ ಅಕ್ಕ. ಕೆಲಸ ಹೋದ್ರೆ ಹೋಗ್ಲಿ."

ಅಕ್ಕ ತನ್ನ ಚೀಟಿ ಹಿಡಿದು ಒಂದು ಸಲ ಹೋಗಿ ಬಂದಳು. ತಲೆಗೆ ಬೇರೆ ಬಟ್ಟೆ ಕಟ್ಟಿಕೊಂಡು, ಸಾಲಿನ ಕೊನೆಗೆ ಹೋಗಿ ನಿಂತು, ಅವಳ ಚೀಟಿ ಹಿಡಿದು ಇನ್ನೊಂದು ಸಲ ಹೋಗಿ ಬಂದಳು. ಮನೆಗೆ ಬಂದು ಏನೋ ಸಾಧಿಸಿದವಳ ಹಾಗೆ ನನಗೆ ಹೇಳಿದಳು. ನಾನು ಕತ್ತರಿ ಕೆಳಗಿಟ್ಟು ಕೂಗಾಡಿದೆ.

"ನಿಂಗೇನು ತಲೆ ಕೆಟ್ಟಿದೆಯಾ? ಆ ಕಿರಣ ಅವಳಿಗೆ ಆಗಲ್ಲ ಅಂದ್ರೆ ನಿಂಗೆ ಆಗುತ್ತಾ? ನಿನ್ನ ಮೈಯೇನು ಕಲ್ಲಾ?"

"ಸುಮ್ನಿರೇ ಮೆಣಸಿನಕಾಯಿ. ಪಾಪ, ಮಗು ಕಳ್ಕೊಂಡೋಳು."

ಹೀಗೆ ಐದು ವರ್ಷ ನಡೆಯಿತು. ಅಕ್ಕನಿಗೂ ಒಳಗೊಳಗೇ ಅಳುಕು ಇತ್ತು. ಮೂರನೇ ವರ್ಷ ಗಾಡಿಯಲ್ಲಿದ್ದವನನ್ನು ಕೇಳಿಯೇಬಿಟ್ಟಳು, ಇದರಿಂದ ಮೈಗೆ ಏನಾದರೂ ಆಗುತ್ತದೆಯೇ ಎಂದು. ಅವನು ಒಳ್ಳೆಯವನು, ಬಿಡಿಸಿ ಹೇಳಿದ. "ಎದೆಯ ಒಂದು ಫೋಟೋಗೆ ಬೀಳೋದು ತುಂಬಾ ಕಮ್ಮಿ, ಅಮ್ಮ. ನಾವು ಸುಮ್ನೆ ಹತ್ತು ದಿನ ಈ ನೆಲದ ಮೇಲೆ ಓಡಾಡಿದ್ರೂ ಅಷ್ಟು ತಾನಾಗೇ ಬೀಳುತ್ತೆ. ವರ್ಷಕ್ಕೊಂದು ಏನೂ ಅಲ್ಲ."

"ಎರಡಾದ್ರೆ?"

"ಎರಡು ಯಾಕಾಗುತ್ತೆ?"

ಅಕ್ಕ ಸರಸರ ಇಳಿದು ಬಂದಳು. ಸಂಜೆ ಅದೇ ಮಾತನ್ನು ಅಡುಗೆಯವಳಿಗೆ ಹೇಳಿ, "ಹೆದರ್ಬೇಡ ತಂಗಿ, ನಾನು ಪಕ್ಕದಲ್ಲೇ ನಿಂತಿರ್ತೀನಿ, ಮುಂದಿನ ಸಲ ನೀನೇ ಬಾ" ಎಂದಳಂತೆ. ಅವಳು ಕಣ್ಣು ತುಂಬಿಕೊಂಡು, "ಹೊಟ್ಟೇಲಿದ್ದಿದ್ದನ್ನ ಕಳ್ಕೊಂಡೋಳಿಗೆ ಲೆಕ್ಕ ಹೇಳ್ಬೇಡ ಅಕ್ಕ" ಎಂದಳಂತೆ. ಆ ಮೇಲೆ ಅಕ್ಕ ಆ ಮಾತು ಎತ್ತಲಿಲ್ಲ. ಅಷ್ಟೇ ಅಲ್ಲ, ಪ್ರತಿ ವರ್ಷ ಎರಡನೇ ಸಲ ಉಸಿರು ಹಿಡಿದು ನಿಂತಾಗ ಕಣ್ಣೇ ತೆರೆಯದ ಆ ಮಗುವನ್ನು ನೆನೆಯುತ್ತಿದ್ದಳು. ಇದ್ದಿದ್ದರೆ ಇಷ್ಟು ಹೊತ್ತಿಗೆ ಶಾಲೆಗೆ ಹೋಗುತ್ತಿತ್ತು ಎಂದು ನನ್ನ ಹತ್ತಿರ ಲೊಚಗುಟ್ಟುತ್ತಿದ್ದಳು.

ಅಕ್ಕನ ಮೊಮ್ಮಗಳು ಪುಟ್ಟಿ ಎರಡು ವರ್ಷದವಳಾಗಿದ್ದಾಗ ಅದೇ ಶಿಶುವಿಹಾರಕ್ಕೆ ಸೇರಿದಳು. ಊಟಕ್ಕೆ ಸತಾಯಿಸುವ ಮಗು. ಅಡುಗೆಯವಳ ಮಡಿಲಲ್ಲಿ ಕೂತರೆ ಮಾತ್ರ ಬಾಯಿ ತೆರೆಯುತ್ತಿತ್ತು. ಅವಳು ಒಂದೊಂದು ಚಮಚವನ್ನೂ ಊದಿ ಊದಿ ಆರಿಸಿ ತಿನ್ನಿಸುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ನಡುನಡುವೆ ಮುಖ ತಿರುಗಿಸಿ ಕೆಮ್ಮುತ್ತಿದ್ದಳು. ಕೇಳಿದರೆ, "ಒಲೆ ಘಾಟು" ಎನ್ನುತ್ತಿದ್ದಳು.

ನಾಲ್ಕು ತುಂಬುವ ಹೊತ್ತಿಗೆ ಪುಟ್ಟಿಗೆ ಸಂಜೆಸಂಜೆ ಜ್ವರ ಬರತೊಡಗಿತು. ನಾನು ಹೊಲಿದ ಫ್ರಾಕು ಬಿಗಿಯಾಗುವ ಬದಲು ಸಡಿಲವಾಯಿತು. ಕತ್ತಿನಲ್ಲಿ ಗಂಟು ಕಂಡಿತು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ಹೇಳಿದರು, "ಕ್ಷಯ. ಔಷಧಿ ಇದೆ, ಆರು ತಿಂಗಳು ತಪ್ಪದೆ ಕೊಟ್ರೆ ಪೂರ್ತಿ ವಾಸಿ ಆಗುತ್ತೆ. ಆದ್ರೆ ಇಷ್ಟು ಚಿಕ್ಕ ಮಗುಗೆ ಇದು ದೊಡ್ಡವರಿಂದಲೇ ಬಂದಿರುತ್ತೆ. ಆ ದೊಡ್ಡವರು ಯಾರು ಅಂತ ಹುಡುಕ್ಬೇಕು. ಇಲ್ದಿದ್ರೆ ಇನ್ನೊಂದು ಮಗುಗೂ ಬರುತ್ತೆ."

ಮನೆಯವರೆಲ್ಲ ತಪಾಸಣೆ ಮಾಡಿಸಿಕೊಂಡೆವು. ಅಕ್ಕನಿಗೆ ಅದು ಹನ್ನೊಂದನೇ ಸಲ. ಎಲ್ಲರದೂ ಚೊಕ್ಕ. ಆದರೂ ಲಾರಿ ಓಡಿಸುವ ಅಳಿಯನೇ ಎಲ್ಲಿಂದಲೋ ತಂದಿದ್ದಾನೆ ಎಂದು ಅಕ್ಕನ ಮಗಳು ಗಂಡನ ಜೊತೆ ಮಾತು ಬಿಟ್ಟಳು. ಡಾಕ್ಟರಮ್ಮ ಶಿಶುವಿಹಾರದ ಫೈಲುಗಳನ್ನು ತರಿಸಿ ನೋಡಿದರು. "ಅಡುಗೆಯವರದು ಎರಡು ತಿಂಗಳ ಹಿಂದಿನ ಫಿಲಂ ಇದೆ, ಏನೂ ಇಲ್ಲ. ಅವರಲ್ಲ ಬಿಡಿ."

ನಾನು ಅಕ್ಕನ ಮುಖ ನೋಡಿದೆ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

ಮಧ್ಯಾಹ್ನವೇ ಅಡುಗೆಯವಳ ಮನೆಗೆ ಹೋದೆವು. ಒಂದೇ ಕೋಣೆ, ಮಂಚ, ಒಲೆ, ಕಿಟಕಿಯಲ್ಲಿ ಒಣಗುತ್ತಿದ್ದ ಏಪ್ರನ್ನು. ಅಕ್ಕ ಅವಳ ಕೈ ಹಿಡಿದುಕೊಂಡು ಗೋಗರೆದಳು, "ಒಂದೇ ಒಂದು ಸಲ ನಿಂತ್ಕೊ ತಂಗಿ. ಪುಟ್ಟಿಗೋಸ್ಕರ." ಅವಳದು ಅದೇ ಹಾಡು: ಯಂತ್ರ, ಭಯ, ಕಳೆದುಹೋದ ಮಗು. ಅಕ್ಕ ಇನ್ನೇನು ಕರಗುವುದರಲ್ಲಿದ್ದಳು. ನಮ್ಮನ್ನು ಸಾಗಹಾಕುವುದಕ್ಕೋ ಏನೋ, ಅವಳು ಏಪ್ರನ್ನನ್ನೂ ಒಂದು ಗುಂಡಿ ಡಬ್ಬಿಯನ್ನೂ ನನ್ನ ಕೈಗೆ ಕೊಟ್ಟು, "ಹೇಗೂ ಬಂದಿದೀರ, ಇದಕ್ಕೊಂದು ಹೊಂದೋ ಗುಂಡಿ ಹಾಕ್ಕೊಡಿ" ಎಂದು ಚಹಾ ಇಡಲು ಎದ್ದಳು.

ಗುಂಡಿ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಹುಡುಕುತ್ತ ಡಬ್ಬಿಯ ತಳ ಮುಟ್ಟಿದೆ. ತಳಕ್ಕೆ ಮಡಿಸಿ ಹಾಸಿದ್ದ ಹಳದಿ ಕಾರ್ಡೊಂದು ಸಿಕ್ಕಿತು. ಬಿಡಿಸಿದೆ. ಸಾಲುಸಾಲು ಚೌಕ, ದಿನಕ್ಕೊಂದು ಗುರುತು. ಅಂಥದೇ ಕಾರ್ಡು ನಮ್ಮ ಮನೆಯ ಗೋಡೆಯ ಮೇಲೂ ಇತ್ತು. ಪುಟ್ಟಿ ಮಾತ್ರೆ ನುಂಗಿದ ಕೂಡಲೇ ನಾವು ಗುರುತು ಹಾಕುವ ಕಾರ್ಡು. ಇದರ ಮೇಲಿದ್ದದ್ದು ಅಡುಗೆಯವಳ ಹೆಸರು, ಬೇರೊಂದು ಊರಿನ ಆಸ್ಪತ್ರೆಯ ಮೊಹರು, ಅವಳು ಶಿಶುವಿಹಾರಕ್ಕೆ ಸೇರುವ ಹಿಂದಿನ ವರ್ಷದ ತಾರೀಖು. ಗುರುತುಗಳು ಮೂರು ತಿಂಗಳು ಬಂದು ನಿಂತುಹೋಗಿದ್ದವು. ಮುಂದಿನ ಚೌಕಗಳೆಲ್ಲ ಖಾಲಿ.

ಕಾರ್ಡನ್ನು ಅಕ್ಕನ ಮಡಿಲಲ್ಲಿ ಇಟ್ಟೆ. ಅಕ್ಕ ಅದನ್ನು ಎರಡು ಸಲ ಓದಿದಳು.

"ಕಾಯಿಲೆ ಇತ್ತಾ ನಿಂಗೆ?"

"ಗುಣ ಆಯ್ತು ಅಂದ್ಕೊಂಡೆ ಅಕ್ಕ. ಕೆಮ್ಮು ನಿಂತಿತ್ತು, ಮಾತ್ರೆ ಬಿಟ್ಟೆ. ಎಕ್ಸ್‌ರೇಲಿ ಹಳೇ ಕಲೆ ಕಂಡ್ರೆ ಮಕ್ಕಳ ಅಡುಗೆಗೆ ಯಾರು ಇಟ್ಕೋತಾರೆ?"

"ಈಗ ಮತ್ತೆ ಕೆಮ್ತಾ ಇದೀಯಲ್ಲೇ!"

ಅವಳು ಅಕ್ಕನ ಕಾಲು ಹಿಡಿದುಕೊಂಡಳು. ನಾಳೆ ಬೆಳಿಗ್ಗೆ ತಾನೇ ಡಾಕ್ಟರ ಹತ್ತಿರ ಬರುತ್ತೇನೆ, ಬಂದು ಎಲ್ಲ ಹೇಳುತ್ತೇನೆ ಎಂದು ಅಕ್ಕನ ತಲೆ ಮುಟ್ಟಿ ಆಣೆ ಮಾಡಿದಳು. ಅಕ್ಕ ನಂಬಿದಳು. ಕಾರ್ಡನ್ನು ವಾಪಸು ಅವಳ ಕೈಗೇ ಕೊಟ್ಟಳು! ಬಾಗಿಲಾಚೆ ಬರುತ್ತಲೇ ನಾನು ಅಕ್ಕನನ್ನು ಬೈದ ಬೈಗುಳ ಇಲ್ಲಿ ಬರೆಯುವಂಥದಲ್ಲ.

ಬೆಳಿಗ್ಗೆ ಅವಳು ಹೋದದ್ದು ಡಾಕ್ಟರ ಹತ್ತಿರವಲ್ಲ, ಶಿಶುವಿಹಾರದ ಮೇಲ್ವಿಚಾರಕಿಯ ಹತ್ತಿರ. ಹೋಗಿ ಹೇಳಿದ್ದು ಇಷ್ಟು: ಆಯಮ್ಮನ ಮನೆಯಿಂದಲೇ ಮಗುವಿಗೆ ರೋಗ ಬಂದಿದೆ, ಅದನ್ನು ಮುಚ್ಚಲು ನನ್ನ ಮೇಲೆ ಗೂಬೆ ಕೂರಿಸುತ್ತಿದ್ದಾರೆ, ಬೇಕಿದ್ದರೆ ನನ್ನ ಐದು ವರ್ಷದ ಫಿಲಂ ತೆಗೆದು ನೋಡಿ. ಮೇಲ್ವಿಚಾರಕಿ ಅಕ್ಕನನ್ನು ಕರೆದು, "ಇಪ್ಪತ್ತು ವರ್ಷದ ಕೆಲಸಕ್ಕೆ ಮಸಿ ಬಳ್ಕೋಬೇಡಿ ಆಯಮ್ಮ" ಎಂದರು. ಅಕ್ಕನ ಎದೆಯನ್ನೇ ಹಿಡಿದು ಅಕ್ಕನಿಗೇ ತೋರಿಸಿದ್ದಳು ಆ ಪುಣ್ಯಾತ್ಗಿತ್ತಿ. ನನ್ನ ಮೈ ಉರಿದುಹೋಯಿತು.

ಅಕ್ಕ ಅಳಲಿಲ್ಲ. ನೆಟ್ಟಗೆ ಆಸ್ಪತ್ರೆಗೆ ನಡೆದಳು. ಪುಟ್ಟಿಯ ಮಾತ್ರೆಗೆಂದು ಅವಳ ಮಗಳೂ ಅಲ್ಲೇ ಬಂದಿದ್ದಳು. ಮಗಳ ಎದುರಿಗೇ ಅಕ್ಕ ಹೇಳಿದಳು, "ಅಡುಗೆಯವಳ ಫೈಲಲ್ಲಿರೋದು ಅವಳ ಎದೆ ಅಲ್ಲ ಡಾಕ್ಟರಮ್ಮ, ನಂದು."

ಡಾಕ್ಟರಮ್ಮ ನಂಬಲಿಲ್ಲ. "ಎಡಗಡೆ ಎಲುಬು ನೋಡಿ" ಎಂದಳು ಅಕ್ಕ. ಎರಡೂ ಫೈಲಿನ ಫಿಲಂಗಳನ್ನು ದೀಪದ ಗಾಜಿಗೆ ಸಿಕ್ಕಿಸಿದರು. ಅಕ್ಕನವು ಆರು, ಅವಳವು ಐದು. ಹನ್ನೊಂದರಲ್ಲೂ ಎಡಗಡೆಯ ಆರನೇ ಎಲುಬಿನ ಮೇಲೆ ಅದೇ ಗಂಟು.

"ಇದು ಯಾವಾಗ ಮುರೀತು?"

ಅಕ್ಕ ಬಾಯಿ ತೆರೆದಳು. ಮತ್ತೆ ಕಾಲು ಜಾರಿತು ಎನ್ನುತ್ತಾಳೆ ಎಂದು ನನಗೆ ಗೊತ್ತಿತ್ತು. "ನಾನು ಮುರಿದದ್ದು" ಎಂದೆ. "ಏಣಿಯಿಂದ ತಳ್ಳಿದೆ. ಮೂವತ್ತೈದು ವರ್ಷ ಆಯ್ತು."

ಡಾಕ್ಟರಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಈ ಹನ್ನೊಂದು ಎಕ್ಸ್‌ರೇಯಿಂದ ನಿಮಗೇನೂ ಆಗಲ್ಲ, ಅದಕ್ಕೆ ಹೆದರ್ಬೇಡಿ. ಆದ್ರೆ ಅವರದ್ದೇ ಒಂದು ತೆಗೆದಿದ್ದಿದ್ರೆ ಸಾಕಿತ್ತು" ಎಂದರು.

ಅಕ್ಕನ ಮಗಳು ಎದ್ದು ಮುಂದೆ ಬಂದಳು. "ನಾನು ಸುಮ್ಸುಮ್ನೆ ನಮ್ಮ ಯಜಮಾನ್ರ ಮೇಲೆ ಹರಿಹಾಯ್ದೆ. ನಿಂಗೆ ಗೊತ್ತಿತ್ತು, ಅವಳನ್ನ ಯಾರೂ ನೋಡೇ ಇಲ್ಲ ಅಂತ" ಎಂದಳು ತಾಯಿಗೆ. "ಗೊತ್ತಿದ್ದೂ ನನ್ನ ಮಗೂನ ಅವಳ ಮಡಿಲಲ್ಲಿ ಕೂರಿಸಿದೆ. ನಿನ್ನನ್ನ ನಂಬಿ ಬಿಟ್ಟು ಹೋಗ್ತಿದ್ದೆನಲ್ಲಮ್ಮ ನಾನು." ಪುಟ್ಟಿಯನ್ನು ಎತ್ತಿಕೊಂಡು ಹೊರಟುಹೋದಳು. ಅವತ್ತಿನಿಂದ ಪುಟ್ಟಿಯನ್ನು ನನ್ನ ಮನೆಯಲ್ಲಿ ಬಿಟ್ಟು ಹೋಗುತ್ತಾಳೆ; ಮಾತ್ರೆ ಕೊಟ್ಟು ಗುರುತು ಹಾಕುವ ಕೆಲಸ ನನ್ನದು. ಗೋಡೆಯಾಚೆಯಿಂದ ಅಕ್ಕ ಕೇಳುತ್ತಾಳೆ, "ನುಂಗಿದ್ಲಾ?" ನಾನು "ಹೂಂ" ಎನ್ನುತ್ತೇನೆ. ಪುಟ್ಟಿಯ ಜ್ವರ ಬಿಟ್ಟಿದೆ, ಫ್ರಾಕು ಮತ್ತೆ ಮೈಗೆ ಹಿಡಿಯುತ್ತಿದೆ. ಅಕ್ಕನ ಕೆಲಸ ಹೋಯಿತು. ಹೋಗಬೇಕಾದದ್ದೇ ಎಂದು ಅವಳೇ ಹೇಳಿದಳು.

ಅಡುಗೆಯವಳನ್ನು ಮರುದಿನವೇ ಕರೆಸಿ ಎಕ್ಸ್‌ರೇ ತೆಗೆದರು. ನಾನು ಬೇಡವೆಂದರೂ ಕೇಳದೆ ಅಕ್ಕ ಹೋಗಿ ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ನಿಂತಳು. ಪಕ್ಕದಲ್ಲಿ ನಿಂತಿರುತ್ತೇನೆ ಎಂದು ಹಿಂದೆ ಮಾತು ಕೊಟ್ಟಿದ್ದಳಂತೆ. ಅವಳ ಜೊತೆ ನಾನೂ ನಿಂತೆ. ಅಡುಗೆಯವಳು ನಡುಗಲಿಲ್ಲ, ತಣ್ಣಗಾಗಲಿಲ್ಲ. ಗಲ್ಲ ಎತ್ತಿ, ಉಸಿರು ಹಿಡಿದು, ಮುಗಿಸಿ, ಮಾಸ್ಕು ಕಟ್ಟಿಕೊಂಡು ಆಚೆ ಬಂದಳು. ಫಿಲಂನಲ್ಲಿ ಅವಳ ಎದೆಯ ಮೇಲ್ಭಾಗವೆಲ್ಲ ಬೆಳ್ಳಗೆ ಕಟ್ಟಿತ್ತು ಎಂದು ಆಮೇಲೆ ಗೊತ್ತಾಯಿತು. ಅವಳಿಗೂ ಔಷಧಿ ಶುರುವಾಗಿದೆ. ವಾಸಿಯಾಗಲಿ; ಅಷ್ಟು ಕೆಟ್ಟವಳಲ್ಲ ನಾನು.

ಅಕ್ಕ ಅವಳನ್ನು ತಡೆದು ನಿಲ್ಲಿಸಿದಳು. ಬೈಯುತ್ತಾಳೆ ಎಂದುಕೊಂಡೆ. ಆಣೆ ಯಾಕೆ ಮುರಿದೆ, ಪುಟ್ಟಿಗೆ ಯಾಕೆ ಹೀಗೆ ಮಾಡಿದೆ, ಯಾವುದನ್ನೂ ಅವಳು ಕೇಳಲಿಲ್ಲ.

"ನೀನು ಕಳ್ಕೊಂಡ ಆ ಮಗು..." ಎಂದಳು ಅಕ್ಕ.

ಅಡುಗೆಯವಳು ನಿಜವಾಗಿಯೂ ತಿಳಿಯದೆ ಅವಳ ಮುಖ ನೋಡಿದಳು.

"ಯಾವ ಮಗು ಅಕ್ಕ?"

ಅಕ್ಕ ಅವಳ ದಾರಿ ಬಿಟ್ಟಳು. ಎಡಗಡೆಯ ಎಲುಬಿನ ಮೇಲೆ ಕೈಯಿಟ್ಟುಕೊಂಡು ಮನೆಯ ಕಡೆ ನಡೆದಳು, ನಾನು ಹಿಂದೆ ಹೋದೆ.