ಮುಸ್ತಫಾನ ಗಾಡಿಯಲ್ಲಿ ಇಮ್ತಿಯಾಝಣ್ಣನ ಸ್ವರ

ಕಲ್ಲುಗುಂಡಿಯ ಅಡಿಕೆ ಹಾಳೆತಟ್ಟೆ ಕಾರ್ಖಾನೆಯಲ್ಲಿ ಪೆಟ್ಟಿಗೆ ಕಟ್ಟುವುದು ನನ್ನ ಕೆಲಸ. ಪೆಟ್ಟಿಗೆಯ ಮೇಲಿನ ಇಂಗ್ಲಿಷ್ ಚೀಟಿಯನ್ನು ತಲೆಕೆಳಗಾಗಿ ಅಂಟಿಸಿ ಬೈಸಿಕೊಂಡವನು ನಾನು. ಆದ್ದರಿಂದ ಇಂಗ್ಲಿಷನ್ನು ಯಾರು ಗೇಲಿ ಮಾಡಿದರೂ ಅವರು ನನಗೆ ಸ್ವಂತ ಅಣ್ಣನ ಹಾಗೆ.

ಮೀನು ಮಾರುವ ಇಮ್ತಿಯಾಝಣ್ಣ ಹಾಗೆ ಅಣ್ಣನಾದವರು. ಬೆಳಿಗ್ಗೆ ಗೂಡ್ಸ್ ರಿಕ್ಷಾ ನಿಲ್ಲಿಸಿ ಮೈಕ್ ಹಿಡಿದರೆ ಬೆಲೆ ಆಮೇಲೆ, ಮೊದಲು ಇಂಗ್ಲಿಷ್.

"ಒಂದು ಬಂಗುಡೆ ತಕೊಂಡ್ರೂ ಫಿಶ್, ಬುಟ್ಟಿ ತುಂಬ ತಕೊಂಡ್ರೂ ಫಿಶ್. ಹೆಚ್ಚೇ ತಕೊಳ್ಳಿ ಅಕ್ಕ, ಯಜಮಾನರಿಗೆ ಲೆಕ್ಕ ಸಿಕ್ಕುದಿಲ್ಲ."

ಕೊನೆಗೊಂದು ಪ್ರಶ್ನೆ. ಉತ್ತರ ಮಾತ್ರ ಮರುದಿನ. ಉತ್ತರ ಕೇಳಲು ಬಂದವರು ಬರಿಗೈಯಲ್ಲಿ ಹೋಗುವುದುಂಟೇ? ಅವರ ವ್ಯಾಪಾರ ನಿಂತದ್ದೇ ಆ ಒಂದು ದಿನದ ತಡದ ಮೇಲೆ.

"ಭಾವ, ದಿನಾ ಕಿರುಚಿದ್ರೆ ಗಂಟಲು ಹೋಗ್ತದೆ. ರೆಕಾರ್ಡ್ ಮಾಡಿ ಇಡುವ" ಎಂದವನು ಇಮ್ತಿಯಾಝಣ್ಣನ ಹೆಂಡತಿಯ ತಮ್ಮ ಮುಸ್ತಫಾ. ಪಕ್ಕದಲ್ಲಿ ಕೂರಿಸಿಕೊಂಡು ಅವನಿಗೆ ವ್ಯಾಪಾರ ಕಲಿಸಿದ್ದು ಇವರೇ. ತನ್ನ ಗಂಟಲಿನ ಬಗ್ಗೆ ಇಷ್ಟು ಕಾಳಜಿ ಹೆಂಡತಿಗೂ ಇಲ್ಲವೆಂದು ನಮ್ಮೆದುರು ಅವನನ್ನು ಹೊಗಳಿದರು. ಪ್ರಶ್ನೆ, ಉತ್ತರ ಎಲ್ಲವನ್ನೂ ಅವನ ಮೊಬೈಲಿಗೆ ಒಪ್ಪಿಸಿದರು.

ಕಳೆದ ಸೋಮವಾರ ಆ ಸ್ವರ ಅರ್ಧ ಗಂಟೆ ಮೊದಲೇ ಬಂತು. ಚೀಲ ಹಿಡಿದು ಓಡಿದೆ. ಹೊಸ ರಿಕ್ಷಾ, ಒಳಗೆ ಮುಸ್ತಫಾ ಒಬ್ಬನೇ. ಸ್ಪೀಕರಿನಲ್ಲಿ ಇಮ್ತಿಯಾಝಣ್ಣ:

"ಸ್ಟಾರ್‌ಫಿಶ್ ಮೀನಲ್ಲ, ಜೆಲ್ಲಿಫಿಶ್ಶೂ ಮೀನಲ್ಲ. ಮತ್ತೆ ಹೆಸರಲ್ಲಿ ಫಿಶ್ ಯಾಕೆ?"

ಮರುದಿನಕ್ಕೆ ಕಾಯಿಸದೆ ಉತ್ತರವೂ ಬಂತು: "ಹೆಸರಿಗೆ ಮಾತ್ರ ನೆಂಟರು ಅಕ್ಕ."

ಎಲ್ಲರೂ ನಕ್ಕರು. ಮುಸ್ತಫಾನೂ ನಕ್ಕ.

"ಇಮ್ತಿಯಾಝಣ್ಣ ಎಲ್ಲಿ?" ಎಂದೆ.

"ಭಾವನಿಗೆ ಇನ್ನು ರೆಸ್ಟ್."

ನಂಬಿ ಒಂದು ಕಿಲೋ ಬೂತಾಯಿ ಕಟ್ಟಿಸಿಕೊಂಡೆ. ನಂಬುವುದರಲ್ಲಿ ನಾನು ಯಾವತ್ತೂ ಮುಂದೆ.

ರೆಸ್ಟಿನಲ್ಲಿರಬೇಕಾದವರು ಎಂದಿನ ಹೊತ್ತಿಗೆ ಸರಿಯಾಗಿ ಬಂದರು. ಮೈಕ್ ಹಿಡಿದು ಎಷ್ಟು ಕರೆದರೂ, ದಾರಿಬದಿಯಲ್ಲೇ ಹರಟುತ್ತ ಉಳಿದಿದ್ದ ನನ್ನನ್ನು ಬಿಟ್ಟರೆ ಯಾರೂ ಹೊರಗೆ ಬರಲಿಲ್ಲ. ಕೊನೆಗೆ ಪಕ್ಕದ ಮನೆಯ ಸೇವಂತಿಯಕ್ಕ ಗೇಟಿನ ಒಳಗಿಂದಲೇ, "ಎಂತ ಮಾರಾಯ್ರೆ, ಈಗ ಬಂದು ಹೋದದ್ದಲ್ವಾ ನೀವು?" ಎಂದರು.

"ನಾನಾ?"

"ಸ್ವರ ನಿಮ್ಮದೇ. ಗಾಡಿ ಮುಸ್ತಫಾನದ್ದು."

ಇಮ್ತಿಯಾಝಣ್ಣ ನನ್ನ ಚೀಲ ನೋಡಿದರು. ಬೂತಾಯಿಯ ಬಾಲ ಹೊರಗೆ ಕಾಣುತ್ತಿತ್ತು.

"ಉತ್ತರವನ್ನೂ ಹೇಳಿದನಾ?"

"ಕೂಡಲೇ."

"ನಾಳೆಗೆ ಇಡುದನ್ನು ಅವನು ಕಲಿಯಲೇ ಇಲ್ಲ" ಎಂದು ಮೈಕಿನ ವಯರು ಸುತ್ತತೊಡಗಿದರು. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದರು.

ಅವರನ್ನು ಮಾತಿಗೆಳೆಯಲು ನೋಡಿದೆ. ಭಾನುವಾರ ಅವರು ಕೇಳಿದ ಹೊಸ ಪ್ರಶ್ನೆ ಬಾಕಿ ಇತ್ತು: ಸಾಮನ್ ಎಂಬ ಮೀನಿನ ಹೆಸರಿನ ನಡುವೆ ಬರೆಯುವಾಗ ಎಲ್ ಹಾಕಬೇಕು, ಹೇಳುವಾಗ ಅದನ್ನು ನುಂಗಬೇಕು, ಯಾಕೆ? ಅದರ ಉತ್ತರವನ್ನೇ ಕೇಳಿದೆ.

ಅವರ ಕಣ್ಣು ನನ್ನ ಕಿಸೆಯಿಂದ ಇಣುಕುತ್ತಿದ್ದ ಮೊಬೈಲಿನ ಮೇಲೆ ನಿಂತಿತು.

"ಮೊದಲು ಅದನ್ನು ಮನೆಯಲ್ಲಿಟ್ಟು ಬಾ."

ನಿಜವಾಗಿಯೂ ಇಟ್ಟು ಬಂದೆ. ಅಷ್ಟರಲ್ಲಿ ರಿಕ್ಷಾ ಸಂಪಾಜೆಯ ಕಡೆಗೆ ಹೋಗಿಯಾಗಿತ್ತು. ಮೈಕಿನ ಸದ್ದಿರಲಿಲ್ಲ. ತಿರುವಿನಾಚೆ ಬರೀ ಹಾರ್ನ್ ಕೇಳಿಸುತ್ತಿತ್ತು.